ಹೊಸ್ತಿಲಲ್ಲಿ ಕೇಳಬಾರದ ಮಾತು

ಮಗಳ ಶಾಲೆಯವರು ಈ ವರ್ಷ ಮಕ್ಕಳನ್ನು ರಾಜಗಡದ ಕೋಟೆಗೆ ಕರೆದುಕೊಂಡು ಹೋಗುತ್ತಾರಂತೆ. ಹಗಲು ಗುಡ್ಡ ಹತ್ತುವುದು, ರಾತ್ರಿ ಕೆಳಗಿನ ಹಳ್ಳಿಯಲ್ಲಿ ಡೇರೆ ಹಾಕಿ ಮಲಗುವುದು. ಅದಕ್ಕೊಂದು ಚೀಲ ಬೇಕೆಂದು ಅವಳು ಕುರ್ಚಿ ಹತ್ತಿ, ಅಡುಗೆಮನೆಯ ಅಟ್ಟದಿಂದ ಅಪ್ಪನ ಹಳೆಯ ಖಾಕಿ ಚೀಲವನ್ನು ಎಳೆದು ಕೆಳಗೆ ಬೀಳಿಸಿದಳು. ಧೂಳಿನ ಜೊತೆ ಒಂದು ವಾಸನೆ ಎದ್ದಿತು. ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾದ ಕ್ಯಾನ್ವಾಸಿನ ವಾಸನೆ, ಅದರೊಳಗೆ ಎಲ್ಲೋ ಒಂಚೂರು ಸೀಮೆಎಣ್ಣೆ. ಮಗಳು ಮೂಗು ಮುಚ್ಚಿಕೊಂಡು ನಕ್ಕಳು. ನಾನು ಮಾತ್ರ ಚೀಲವನ್ನು ಹತ್ತಿರ ಎಳೆದುಕೊಂಡು ಮತ್ತೊಮ್ಮೆ ಮೂಸಿದೆ. ನಾನು ಮದುವೆಯಾಗಿ ಬಂದ ವರ್ಷದ ಮಳೆಗಾಲದ ವಾಸನೆ ಅದು.

ನಾನು ವಿಜಾಪುರದ ಕಡೆಯವಳು. ನಮ್ಮ ಕಡೆ ನೆಲ ಮಲಗಿಯೇ ಇರುತ್ತದೆ, ಎದ್ದು ನಿಲ್ಲುವ ಉಸಾಬರಿಗೆ ಹೋಗುವುದಿಲ್ಲ. ಮನೆಯ ಮಾಳಿಗೆ ಏರಿದರೆ ಮುಂದಿನ ಊರಿನ ಬೇವಿನ ಮರ ಕಾಣುತ್ತದೆ. ಯಾರು ಹೋದರು, ಯಾರು ಬಂದರು ಎಂದು ಯಾರನ್ನೂ ಕೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತಾರೆ. 1996ರ ಬೇಸಿಗೆಯಲ್ಲಿ ಪುಣೆಯ ಕೋಥರೂಡಿನಲ್ಲಿ ನೆಲೆಸಿದ್ದ ನಮ್ಮ ಕಡೆಯವರ ಮನೆಗೆ ಸೊಸೆಯಾಗಿ ಬಂದಾಗ, ಊರ ಸುತ್ತ ಗುಡ್ಡಗಳು ನಿಂತಿರುವುದನ್ನು ನೋಡಿ ನನಗೆ ಉಸಿರು ಕಟ್ಟಿತು. ಗುಡ್ಡದ ಆಚೆ ಹೋದವರು ಏನಾದರೆಂದು ತಿಳಿಯುವುದು ಹೇಗೆ? ಹುಟ್ಟಾ ಹೆದರುಪುಕ್ಕಲಿ ನಾನು. ಕುಕ್ಕರು ಸೀಟಿ ಹೊಡೆಯುವುದು ಸ್ವಲ್ಪ ತಡವಾದರೂ ಎದೆ ಡವಡವ ಅನ್ನುತ್ತದೆ. ಅಂಥವಳಿಗೆ ಸಿಕ್ಕ ಗಂಡನೋ, ವಾರವಿಡೀ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ, ರವಿವಾರ ಬೆಳಕು ಹರಿಯುವ ಮೊದಲೇ ಗುಡ್ಡಕ್ಕೆ ಓಡುವವರು.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಹೊರಗೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಅನ್ನುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಮಾತೇ. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ನನ್ನ ತವರಿನಲ್ಲಿ ಅದು ಚಪ್ಪಲಿ ಮೆಟ್ಟುವ ಹೊತ್ತಿಗೆ ಮಾತ್ರ ಇದ್ದ ನಿಯಮ. ಯಾರಾದರೂ ಮರೆತು ಕೇಳಿದರೆ, ಹೊರಟವರು ಗೊಣಗುತ್ತ ಒಳಗೆ ಬಂದು ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಅತ್ತೆಯ ಮನೆಯಲ್ಲಿ ಅದು ಕಟ್ಟುನಿಟ್ಟು. ಹೊಸ್ತಿಲಲ್ಲಷ್ಟೇ ಅಲ್ಲ, ಹಿಂದಿನ ದಿನವೂ ಕೇಳುವಂತಿಲ್ಲ. ಬಂದ ಹೊಸದರಲ್ಲಿ ನಾನೊಮ್ಮೆ ‘ಎಲ್ಲಿ’ ಎಂದು ಬಾಯಿ ತೆರೆದದ್ದಷ್ಟೇ, ಅತ್ತೆ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಬಂದು ನನ್ನ ಬಾಯಿಗೆ ಹಿಟ್ಟಿನ ಕೈ ಅಡ್ಡ ಹಿಡಿದರು.

“ಕೇಳಬ್ಯಾಡವಾ, ಕೇಳಬ್ಯಾಡ. ಬರ್ತಾನ ತಗೊ.”

ಏಕೆಂದು ಹೇಳಲಿಲ್ಲ. ನನ್ನ ಮೂಗಿಗೆ ಮೆತ್ತಿದ ಜೋಳದ ಹಿಟ್ಟನ್ನು ನೋಡಿ ಇವರು ನಗುತ್ತ ಮೆಟ್ಟಿಲು ಇಳಿದು ಹೋದರು. ಕೇಳುವವರೇ ಇಲ್ಲದ ಮನೆಯಲ್ಲಿ ಬೆಳೆದವರು, ತಾವಾಗಿ ಹೇಳಬೇಕೆಂಬುದು ಇವರಿಗೆ ತೋಚುತ್ತಲೇ ಇರಲಿಲ್ಲ.

ಆ ಮಳೆಗಾಲದ ನನ್ನ ರವಿವಾರಗಳೆಲ್ಲ ಕಿಟಕಿಯಲ್ಲೇ ಕಳೆದವು. ಇವರ ಜೊತೆ ಹೋಗುತ್ತಿದ್ದವರು ಆಫೀಸಿನ ಇಬ್ಬರು ಗೆಳೆಯರು, ಇಬ್ಬರೂ ನಮ್ಮ ಕಡೆಯವರೇ. ಹಿರೇಮಠರ ಮನೆ ನಮ್ಮ ಹಿಂದಿನ ಓಣಿಯಲ್ಲಿ. ಪಾಟೀಲರಿಗೆ ಇನ್ನೂ ಮದುವೆಯಾಗಿರಲಿಲ್ಲ, ಯೆರವಡಾದಲ್ಲಿ ತಾಯಿಯ ಜೊತೆ ಇದ್ದರು. ಜುನಾ ಬಜಾರಿನಲ್ಲಿ ಕೊಂಡ ಮಿಲಿಟರಿಯ ಹಳೆಯ ಖಾಕಿ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಮೂವರೂ ಹೊರಟರೆಂದರೆ ಸಂಜೆಯವರೆಗೆ ಸುದ್ದಿಯಿಲ್ಲ. ಬಂದ ಮೇಲೆ ಎಷ್ಟು ಬೇಕಾದರೂ ಕೇಳಬಹುದಿತ್ತು. ಇವರು ಕೆಸರಿನ ಕಾಲು ಚಾಚಿಕೊಂಡು, ಯಾವ ಕೋಟೆ, ಎಲ್ಲಿ ಜಾರಿದರು, ಯಾವ ಬಂಡೆಯ ಕೆಳಗೆ ಕೂತು ಉಂಡರು ಎಂದು ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು. ನಾನು ಹೆದರಬೇಕಾದಷ್ಟು ಹೆದರಿ ಮುಗಿಸಿದ ಮೇಲೆ ಸಿಗುತ್ತಿದ್ದ ಸುದ್ದಿ ಅದು.

ಜುಲೈಯಲ್ಲಿ ಒಮ್ಮೆ ನನ್ನನ್ನೂ ಸಿಂಹಗಡಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ ಇವರ ಅಂಗಿಯ ತುದಿಯನ್ನು ಹಿಡಿದುಕೊಂಡೇ ಹತ್ತಿದೆ. ಹಿಂದೆ ಬರುತ್ತಿದ್ದ ಕಾಲೇಜು ಹುಡುಗಿಯರು ನಕ್ಕರು, ನಗಲಿ ಎಂದುಕೊಂಡೆ. ಮೇಲೆ ಹೆಂಗಸರು ತಗಡಿನ ಕೆಳಗೆ ಕೂತು ಬಿಸಿ ಜೋಳದ ಭಾಕ್ರಿ, ಕಡಲೆಹಿಟ್ಟಿನ ಪಿಠಲಾ ಮಾಡಿಕೊಡುತ್ತಿದ್ದರು, ಮಣ್ಣಿನ ಗಡಿಗೆಯಲ್ಲಿ ಮೊಸರು. ಉಂಡೆದ್ದು ಅಂಚಿನ ಕಡೆ ನಡೆಯುವಾಗ ಮೋಡ ಬಂತು. ನನ್ನ ಮುಂದೆ ನಾಲ್ಕು ಹೆಜ್ಜೆ ಹೋಗಿದ್ದ ಇವರು ಇದ್ದಕ್ಕಿದ್ದಂತೆ ಇಲ್ಲವಾದರು. ನಾನು ಕಿರುಚಿದೆ. “ಇಲ್ಲೇ ಇದ್ದೀನಲ್ಲಾ, ಯಾಕ ಒದರತಿ?” ಎಂದು ಬಿಳಿಯ ಒಳಗಿಂದ ದನಿ ಬಂತು. ಮೋಡ ಸರಿದಾಗ ಇವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು, ಮುಖದ ತುಂಬ ಹನಿ. “ಆಫೀಸಿನಾಗ ಕೂತಾಗ ಈ ಗಾಳಿ ನೆನಸ್ಕೋತೀನಿ ನೋಡು” ಎಂದರು. ನನಗೆ ಆ ಗಾಳಿಯ ಮೇಲೆ ಹೊಟ್ಟೆಕಿಚ್ಚಾಯಿತು. ಇಂಥ ಸುಖವನ್ನು ಬಿಡು ಎಂದು ಹೇಳಲು ಬಾಯಿಯೂ ಬರಲಿಲ್ಲ.

ಆಗಸ್ಟಿನಲ್ಲಿ ನನ್ನ ತಿಂಗಳು ತಪ್ಪಿತು. ಯಾರಿಗೂ ಹೇಳಲಿಲ್ಲ. ಮೊದಲು ಇವರಿಗೆ ಹೇಳಬೇಕು, ಅದೂ ಇವರು ಪುರುಸೊತ್ತಾಗಿ ಕೂತಾಗ, ರವಿವಾರ ಸಂಜೆ ಕಾಲು ಚಾಚಿಕೊಂಡು ಕತೆ ಹೇಳುವ ಹೊತ್ತಿಗೆ ಎಂದು ಕಾಯುತ್ತಿದ್ದೆ. ಆ ವಾರ ಇವರು ಶನಿವಾರ ಮಧ್ಯಾಹ್ನವೇ ಆಫೀಸಿನಿಂದ ಬಂದು ಚೀಲ ತುಂಬತೊಡಗಿದರು. ಪಂಪಿನ ಒಲೆ, ಅಕ್ಕಿ, ಬೇಳೆ, ಕಂಬಳಿ. ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಕಂಬಳಿಗೆಲ್ಲ ವಾಸನೆ ಹಿಡಿಯಿತು.

“ಅವ್ವಾ, ಒಂದು ಖಣ ಇದ್ರ ಕೊಡು. ಗುಡ್ಡದ ಮ್ಯಾಲ ದೇವಿ ಗುಡಿ ಅದ, ಇವತ್ತ ರಾತ್ರಿ ಅಲ್ಲೇ ವಸ್ತಿ. ಉಡಿ ತುಂಬಿ ಬರ್ತೀವಿ.”

ಅತ್ತೆ ಪೆಟ್ಟಿಗೆಯಿಂದ ಹಸಿರು ಬಣ್ಣದ, ಕೆಂಪು ಅಂಚಿನ ಗುಳೇದಗುಡ್ಡದ ಖಣ ತೆಗೆದು, ಕುಬಸದ ಆ ಬಟ್ಟೆಯಲ್ಲಿ ಹಿಡಿ ಅಕ್ಕಿ, ಒಂದು ತೆಂಗಿನಕಾಯಿ ಕಟ್ಟಿ, ದೇವಿಯ ಮಡಿಲಿಗೆಂದು ಕೊಟ್ಟರು. ಯಾವ ದೇವಿ, ಯಾವ ಗುಡ್ಡ ಎಂದು ಕೇಳಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ಅತ್ತೆಯ ಕಣ್ಣು ಅಲ್ಲೇ ತಡೆಯಿತು. “ರವಿವಾರ ಸಂಜಿಗೆ ಬಂದೆ” ಎಂದು ಇವರು ಹೋದರು.

ಆ ರಾತ್ರಿ ಹಿಡಿದ ಮಳೆ ರವಿವಾರವಿಡೀ ಬಿಡಲಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಊರೊಳಗಿನ ಹೊಳೆ ಉಕ್ಕಿ ದಂಡೆಯ ರಸ್ತೆ ಮುಳುಗಿದೆ ಎಂದು ಹಾಲಿನವನು ಹೇಳಿ ಹೋದ. ಸಂಜೆಯಾಯಿತು, ದೀಪ ಹಚ್ಚುವ ಹೊತ್ತಾಯಿತು, ಇವರು ಬರಲಿಲ್ಲ. ಹಿರೇಮಠರ ಹೆಂಡತಿ ಗಂಗಾ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನೆನೆಯುತ್ತ ಬಂದು, ಬಾಗಿಲಲ್ಲೇ ನಿಂತು, “ಎಲ್ಲಿಗೆ ಹೋಗ್ಯಾರಂತ ನಿಮಗೇನರ ಗೊತ್ತದ ಏನ್ರಿ?” ಎಂದಳು. ನಾನು ಅವಳಿಗೆ ಗೊತ್ತಿರಬಹುದೆಂದು ಆಸೆಯಿಂದ ನೋಡುತ್ತಿದ್ದೆ. ಎದುರು ಮನೆಯ ಮರಾಠಿ ಹೆಂಗಸು ಜೋಶಿ ಕಾಕುವಿನ ಫೋನಿನಿಂದ ಯೆರವಡಾಕ್ಕೆ ಫೋನ್ ಮಾಡಿದೆವು. ಪಾಟೀಲರ ತಾಯಿಯನ್ನು ಪಕ್ಕದ ಅಂಗಡಿಯವರು ಕರೆದು ತಂದರು. “ಹೊಂಟವರಿಗೆ ಹ್ಯಾಂಗ ಕೇಳೂದ್ರಿ?” ಎಂದು ಆ ತಾಯಿ ಅಳತೊಡಗಿದರು. ಮೂರು ಮನೆ, ಮೂರರಲ್ಲೂ ಅದೇ ಕಟ್ಟು. ಮೂವರು ಗಂಡಸರು ಯಾವ ದಿಕ್ಕಿಗೆ ಹೋದರೆಂಬುದು ಯಾರಿಗೂ ಗೊತ್ತಿಲ್ಲ.

ಕಾಕು ತಲೆಯ ಮೇಲೆ ಕೈ ಹೊತ್ತುಕೊಂಡರು. “ವಿಚಾರಲಂ ನಾಹೀಸ?” ಎಂದು ನನ್ನನ್ನು ಗದರಿದರು, ಕೇಳಲೇ ಇಲ್ಲವೇ ಎಂದು. ಅತ್ತೆ ತಮ್ಮ ಮುರುಕು ಮರಾಠಿಯಲ್ಲಿ, ನಮ್ಮಲ್ಲಿ ಕೇಳುವುದಿಲ್ಲ ಎಂದರು.

“ನಾವೂ ಬಾಗಿಲಲ್ಲಿ ಕೇಳುವುದಿಲ್ಲ ತಾಯೀ! ಹಿಂದಿನ ದಿನ ಕೇಳುತ್ತೇವೆ!” ಎಂದು ಕಾಕು ಮರಾಠಿಯಲ್ಲೇ ಕೂಗಿದರು.

ಬೇರೆ ಹೊತ್ತಿನಲ್ಲಾಗಿದ್ದರೆ ನಕ್ಕುಬಿಡುತ್ತಿದ್ದೆ. ಅತ್ತೆ ಗೋಡೆಗೆ ಆತು ಕೂತರು. ಯಾರ ಮುಖವನ್ನೂ ನೋಡದೆ ಕನ್ನಡದಲ್ಲಿ ಹೇಳತೊಡಗಿದರು. ಮಾವನವರು ಕುರಕುಂಭದ ಕಡೆ ಕೆಲಸದಲ್ಲಿದ್ದರು, ಸೋಮವಾರ ಹೋದರೆ ಶನಿವಾರ ಬರುವವರು ಎಂಬಷ್ಟು ನನಗೆ ಗೊತ್ತಿತ್ತು. “ಅವತ್ತ ಹೊಸ ಅಂಗಿ ಹಾಕ್ಕೊಂಡಿದ್ರು. ಭಾಳ ಛಂದ ಕಾಣ್ತಿದ್ರು. ಗೊತ್ತಿದ್ದೂ ಗೊತ್ತಿದ್ದೂ ಚಾಷ್ಟಿಗೆ ಕೇಳಿದೆ, ಹೊಸ ಅಂಗಿ ಹಾಕ್ಕೊಂಡು ಎಲ್ಲಿಗೆ ಹೊಂಟೀರಿ ಅಂತ. ನಕ್ಕೋತ ಹೋದ್ರು. ಸೊಲ್ಲಾಪುರ ರಸ್ತಾದಾಗ ಲಾರಿ.” ಇವರಿಗಾಗ ಏಳು ವರ್ಷವಂತೆ. ಆ ಹಿಟ್ಟಿನ ಕೈ ಯಾಕೆ ಅಷ್ಟು ಅವಸರದಲ್ಲಿ ಬಂತೆಂದು ನನಗೆ ಆಗ ತಿಳಿಯಿತು. ಅವರ ಪಕ್ಕ ಹೋಗಿ ಕೂತೆ.

ದಾರಿ ತೋರಿಸಿದ್ದು ಆ ಖಣ. ದೇವಿಯ ಗುಡಿ, ಅದರಲ್ಲೇ ರಾತ್ರಿ ವಸ್ತಿ ಎಂದು ನಾನು ನೆನಪಿಸಿಕೊಂಡು ಹೇಳಿದಾಗ ಕಾಕುವಿನ ಗಂಡ ಜೋಶಿ ಕಾಕಾ ಕನ್ನಡಕ ಸರಿಪಡಿಸಿಕೊಂಡರು. ವಯಸ್ಸಿನಲ್ಲಿ ಅವರೂ ಗುಡ್ಡ ಸುತ್ತಿದವರು. ದೇವಿ ಎಲ್ಲ ಗಡದಲ್ಲೂ ಇದ್ದಾಳೆ, ಆದರೆ ಜನ ಗುಡಿಯಲ್ಲಿ ಮಲಗುವುದೆಂದರೆ ರಾಜಗಡ, ಇಲ್ಲವೇ ಪಕ್ಕದ ತೋರಣಾ; ಎರಡಕ್ಕೂ ಒಂದೇ ಬಸ್ಸು, ಬೆಳಿಗ್ಗೆ ನಾನು ಹೋಗಿ ನೋಡುತ್ತೇನೆ ಎಂದರು. ನಾನೂ ಬರುತ್ತೇನೆ ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ಇಂದಿಗೂ ನನಗೆ ಆಶ್ಚರ್ಯ. ಗಂಗಾಳಿಗೆ ಎಳೆ ಮಗು, ಅತ್ತೆಗೆ ಮೊಣಕಾಲು ನೋವು. ಕಿಟಕಿಯಲ್ಲಿ ನಿಂತು ಇನ್ನೊಂದು ದಿನ ಕಾಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಾಕಾ ಕೊಡೆ ಹಿಡಿದು ಮೆಟ್ಟಿಲ ಬಳಿ ಕಾಯುತ್ತಿದ್ದರು. ನಾನು ಚಪ್ಪಲಿ ಮೆಟ್ಟಿದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೇಳಿದರೆ ಭಯ, ಕೇಳದಿದ್ದರೂ ಭಯ. ಕೊನೆಗೆ ಮೆಲ್ಲಗೆ ಅಂದರು:

“ಎಲ್ಲಿಂದ ಬರ್ತೀಯವಾ?”

ನನಗೆ ತಕ್ಷಣ ಅರ್ಥವಾಗಲಿಲ್ಲ.

“ಹೋಗೂದು ಕೇಳೂದಿಲ್ಲ ನಾ. ಬರೂದು ಕೇಳ್ಲಿಕ್ಕತ್ತೀನಿ. ಎಲ್ಲಿಂದ ಬರ್ತಿ, ಹೇಳು.”

“ರಾಜಗಡದಿಂದ ಬರ್ತೀನ್ರಿ ಅತ್ತಿ. ಇಲ್ಲಾ ತೋರಣಾದಿಂದ. ಅವರನ್ನ ಕರಕೊಂಡೇ ಬರ್ತೀನಿ.”

“ಹೂಂ, ಬಾ” ಎಂದರು.

ಸ್ವಾರಗೇಟಿನಿಂದ ಕೆಂಪು ಬಸ್ಸು. ಬಸ್ಸಿನ ಚಾವಣಿ ಸೋರುತ್ತಿತ್ತು. ನನಗೆ ಎರಡು ಸಲ ವಾಂತಿಯಾಯಿತು. ಕಾಕಾ ಪಾಪ, ರಸ್ತೆ ಕೆಟ್ಟದ್ದೆಂದು ಸರಕಾರವನ್ನು ಬೈದರು. ಎರಡು ಗಡಗಳ ದಾರಿ ಬೇರೆಯಾಗುವ ಮಾರ್ಗಾಸನಿಯಲ್ಲಿ ಇಳಿದೆವು. ಚಹಾದ ಅಂಗಡಿಯವನಿಗೆ ಕೇಳಿದರೆ, ಕಾನಡಿ ಮಾತಾಡುವ ಮೂವರು ತಾನೇ, ಶನಿವಾರ ಇಲ್ಲಿ ಚಹಾ ಕುಡಿದು ಗುಂಜವಣೆಯ ಕಡೆ ಹೋದರು ಎಂದ. ಅಂದರೆ ರಾಜಗಡ. ಸಿಕ್ಕ ಜೀಪಿನಲ್ಲಿ ಸ್ವಲ್ಪ ದೂರ ಹೋದೆವು. ಮುಂದೆ ಹೊಳೆಗೆ ಕಟ್ಟಿದ ಗಿಡ್ಡ ಸೇತುವೆ ಮುಳುಗಿತ್ತು. ಕೆಂಪು ನೀರು ಗಿಡಗಂಟಿಗಳನ್ನು ಹೊತ್ತುಕೊಂಡು ಅದರ ಮೇಲೆ ಹಾಯುತ್ತಿತ್ತು. ಆಚೆ ದಂಡೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಹೊದ್ದು ಕೂತವರು ಕಂಡರು.

ಇಬ್ಬರು. ಹೋದವರು ಮೂವರು.

ನಾನು ಮತ್ತೆ ಮತ್ತೆ ನೋಡಿದೆ. ಇಬ್ಬರೇ. ಮಳೆಯಲ್ಲಿ ಮುಖ ಕಾಣುತ್ತಿರಲಿಲ್ಲ. ಕಾಕಾ ಕೊಡೆ ಬೀಸಿ ಕೂಗಿದರು, ಹೊಳೆಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಆ ಇಬ್ಬರಲ್ಲಿ ಒಬ್ಬರು ಎದ್ದು ಕೈ ಎತ್ತಿದರು. ಇವರೋ, ಹಿರೇಮಠರೋ? ಇಬ್ಬರದೂ ಒಂದೇ ಎತ್ತರ. ಆ ಇಬ್ಬರಲ್ಲಿ ಇವರಿರಲಿ ದೇವರೇ ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ, ಇವರಿದ್ದರೆ ಇಲ್ಲದವರು ಯಾರು ಎಂದು ಹೊಳೆಯಿತು. ಸೆರಗಿನಲ್ಲಿ ಮಗುವನ್ನು ಸುತ್ತಿಕೊಂಡು ನಿಂತ ಗಂಗಾ ಕಣ್ಣ ಮುಂದೆ ಬಂದಳು. ಆದರೂ ಅದನ್ನೇ ಬೇಡಿಕೊಂಡೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಕಲ್ಲಿನ ಮೇಲೆ ಕೂತು, ನೀರು ಇಳಿಯುವುದನ್ನೇ ನೋಡುತ್ತಿದ್ದೆ. ಅದು ಇಳಿಯುವ ಲಕ್ಷಣ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಮಳೆ ತೆರಪು ಕೊಟ್ಟಿತು. ಸೇತುವೆಯ ಅಂಚಿನ ಕಲ್ಲುಗಳು ಒಂದೊಂದಾಗಿ ತಲೆ ಎತ್ತಿದವು. ಹಳ್ಳಿಯವರು ಕೈಗೆ ಕೈ ಹಿಡಿದು ಸಾಲಾಗಿ ನಿಂತು, ಮೊದಲು ಆ ಇಬ್ಬರನ್ನು ದಾಟಿಸಿದರು. ಹಿರೇಮಠರು. ಅವರ ಹಿಂದೆ ಪಾಟೀಲರು. ಇವರು ಇರಲಿಲ್ಲ.

“ವೈನೀ! ನೀವು ಇಲ್ಲಿ ಹ್ಯಾಂಗ?” ಎಂದರು ಹಿರೇಮಠರು.

“ಅವರು?”

“ಅಲ್ಲೇ ಊರಾಗ ಸಾಲಿ ಕಟ್ಟಿ ಮ್ಯಾಲ ಕೂಡಿಸಿ ಬಂದೀವ್ರಿ. ಹತ್ತೂಮುಂದ ಜಾರಿ ಕಾಲು ಹೊರಳೇದ. ಮತ್ತೇನೂ ಇಲ್ರಿ, ಖರೇನ. ಹೊತಗೊಂಡು ಇಳಸೂದ್ರಾಗ ನಿನ್ನೆ ಹೊಳಿ ಬಂದ್ಬಿಡ್ತು.”

ಇವರನ್ನು ಇಲ್ಲಿಗೇ ಕರೆತರುತ್ತೇವೆ, ನೀವು ಕೂತಿರಿ ಎಂದು ಅವರು ಹೇಳುತ್ತಲೇ ಇದ್ದರು. ನಾನು ಆಗಲೇ ಸೀರೆ ಎತ್ತಿ ಸಿಕ್ಕಿಸಿ ನೀರಿಗೆ ಕಾಲಿಟ್ಟಿದ್ದೆ. ಮೊಣಕಾಲ ಮಟ್ಟದ ಆ ಕೆಂಪು ನೀರನ್ನು, ಗುರುತಿಲ್ಲದ ಗಂಡಸರ ಕೈಗಳನ್ನು ಒಂದರ ನಂತರ ಒಂದು ಹಿಡಿದು, ಸಿಂಹಗಡದ ಮೆಟ್ಟಿಲಲ್ಲಿ ಅಂಗಿಯ ತುದಿ ಬಿಡದ ನಾನೇ ದಾಟಿದೆ. ಶಾಲೆಯ ಕಟ್ಟೆಯ ಮೇಲೆ ಇವರು ಕಂಬಕ್ಕೆ ಒರಗಿ ಕೂತಿದ್ದರು. ಊದಿದ ಪಾದಕ್ಕೆ ದೇವಿಗೆಂದು ಒಯ್ದ ಹಸಿರು ಖಣವನ್ನು ಬಿಗಿಯಾಗಿ ಸುತ್ತಿದ್ದರು. ನನ್ನನ್ನು ನೋಡಿ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ನೀ ಎಲ್ಲಿಗೆ ಹೊಂಟಿ?”

ಹುಟ್ಟಿದಂದಿನಿಂದ ಯಾರಿಗೂ ಕೇಳದ ಮಾತನ್ನು ಇವರು ನನಗೆ ಕೇಳಿದ್ದರು. ನನಗೆ ನಗು ಬಂತು, ನಗುತ್ತಲೇ ಅಳು ಬಂತು, ಅಳು ನಿಲ್ಲಲೇ ಇಲ್ಲ. ಶಾಲೆಯ ಮಕ್ಕಳು ಕಿಟಕಿಯಲ್ಲಿ ಗುಂಪುಗೂಡಿ ನೋಡುತ್ತಿದ್ದವು. “ಒಬ್ಬಾಕಿ ಬಂದಿಲ್ಲ ನಾ” ಎಂದೆ. “ಹೌದಲ್ಲ, ಜೋಶಿ ಕಾಕಾ ಬಂದಿರಬೇಕು” ಎಂದರು ಇವರು. ಆಮೇಲೆ ಹೊಟ್ಟೆಯ ಮೇಲಿದ್ದ ನನ್ನ ಕೈಯನ್ನು ನೋಡಿದರು. ನೋವಿನ ಕಾಲನ್ನು ಸರಿಸಿ, ಪಕ್ಕದಲ್ಲಿ ನನಗೆ ಜಾಗ ಮಾಡಿದರು.

ಮನೆಗೆ ಬಂದಾಗ ಅತ್ತೆ ಆ ಖಣ ಕಟ್ಟಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, “ದೇವಿ ಉಡಿ ನಿನ್ನ ಕಾಲಿಗೆ ಬಂತಲ್ಲೋ ಗಿರ್ಯಾ” ಎಂದು ಬೈಯುತ್ತ, ಸವರುತ್ತ ಕೂತರು. ಕಾಲು ನೆಟ್ಟಗಾಗುವ ಹೊತ್ತಿಗೆ ಮಳೆಗಾಲವೇ ಮುಗಿಯಿತು. ದೀಪಾವಳಿಯಾದ ಮೇಲೆ ಇವರು ಹೊಸ ಖಣ ಒಯ್ದು ರಾಜಗಡದ ಪದ್ಮಾವತಿಗೆ ಉಡಿ ತುಂಬಿ ಬಂದರು. ಅಂದು ಅತ್ತೆ ಹೊಸ್ತಿಲಲ್ಲಿ ನಿಂತು ಧೈರ್ಯವಾಗಿ, “ಎಲ್ಲಿಂದ ಬರ್ತಿ?” ಎಂದು ಕೇಳಿದರು. “ರಾಜಗಡದಿಂದ, ನಾಳೆ ಸಂಜಿಗೆ” ಎಂದು ಇವರು ಹೇಳಿದರು. ಆ ಮಾತು ಹಿರೇಮಠರ ಮನೆಗೂ, ಯೆರವಡಾಕ್ಕೂ ಹೋಯಿತು. ನನ್ನ ಹೆದರಿಕೆ ಹೋಗಲಿಲ್ಲ, ಅದು ಹೋಗುವ ಜಾತಿಯದಲ್ಲ. ಆದರೆ ಆಮೇಲೆ ಕಿಟಕಿಯಲ್ಲಿ ನಿಂತಾಗ ಯಾವ ಕಡೆ ನೋಡಬೇಕೆಂದಾದರೂ ಗೊತ್ತಿರುತ್ತಿತ್ತು. ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ಪದ್ಮಾ ಎಂದು ಹೆಸರಿಟ್ಟವರು ಅತ್ತೆಯೇ. ಅವಳು ಶಾಲೆಗೆ ಹೊರಟರೂ ಅಜ್ಜಿ ಅದನ್ನೇ ಕೇಳುತ್ತಿದ್ದರು, ಅವಳು “ಸಾಲಿಂದ ಬರ್ತೀನಿ” ಎಂದು ಕೂಗಿ ಮೆಟ್ಟಿಲು ಇಳಿಯುತ್ತಿದ್ದಳು.

ಹೋದ ವರ್ಷ ಮಳೆಗಾಲದಲ್ಲಿ ಅತ್ತೆಗೆ ಉಬ್ಬಸ ಹೆಚ್ಚಾಯಿತು. ಆಸ್ಪತ್ರೆಗೆ ಕರೆದೊಯ್ಯಲು ಆಟೊ ಬಂದು ನಿಂತಿತ್ತು. ಇವರು ಕೆಳಗೆ ಕೂತು ತಾಯಿಯ ಕಾಲಿಗೆ ಚಪ್ಪಲಿ ತೊಡಿಸುತ್ತ, ನಗಿಸಲೆಂದು, “ಅವ್ವಾ, ಎಲ್ಲಿಂದ ಬರ್ತಿ?” ಎಂದು ಕೇಳಿದರು. ಅತ್ತೆ ಇವರ ತಲೆಯ ಮೇಲೆ ಕೈ ಇಟ್ಟರು.

“ಈ ಸಲ ಕೇಳಬ್ಯಾಡೋ ಗಿರ್ಯಾ.”

ಅವರು ಬರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಆ ಮಾತು ಕೇಳಿಲ್ಲ.

ಇವತ್ತು ಬೆಳಿಗ್ಗೆ ಪದ್ಮಾ ಖಾಕಿ ಚೀಲ ಬೆನ್ನಿಗೆ ಹಾಕಿಕೊಂಡಳು. ಒಂದು ವಾರ ಬಿಸಿಲಿಗೆ ಹಾಕಿದರೂ ಅದರ ವಾಸನೆ ಹೋಗಿಲ್ಲ. ಹೊರಗೆ ಸಣ್ಣಗೆ ಜಿಟಿಜಿಟಿ. ಕೆಳಗೆ ಶಾಲೆಯ ಬಸ್ಸು ಹಾರ್ನ್ ಹಾಕುತ್ತಿತ್ತು. ಅವಳು ಬೂಟು ಕಟ್ಟಿದಳು, ಅಪ್ಪನಿಗೆ ಕೈ ಬೀಸಿದಳು, ಹೊಸ್ತಿಲು ದಾಟಿದಳು, ಅಲ್ಲೇ ನಿಂತಳು.

“ಆಯಿ, ಲಗೂ ಕೇಳು.”

“ಏನು?”

“ಅಜ್ಜಿ ಕೇಳ್ತಿದ್ಲಲ್ಲ, ಅದು. ನೀ ಕೇಳದ ನಾ ಹ್ಯಾಂಗ ಬರ್ಲಿ?”

ಚೌಕಟ್ಟು ಹಿಡಿದುಕೊಂಡು ಕೇಳಿದೆ.